ವೀಸಾ ಇಲ್ಲದೆ ಬಂದ ಹಕ್ಕಿ

ಹಾಸ್ಟೆಲ್ ಹಿಂದೆ, ಎಸ್‌ಟಿಪಿ ಟ್ಯಾಂಕಿಗೂ ಕಾಂಪೌಂಡ್ ಗೋಡೆಗೂ ನಡುವೆ, ಲಂಟಾನ ಬೆಳೆದ ಒಂದು ಉದ್ದನೆಯ ಜಾಗ ಇತ್ತು. ‘ಇತ್ತು’ ಅಂತ ಯಾಕೆ ಬರೀತಿದ್ದೀವಿ ಅನ್ನೋದು ಮುಂದೆ ಗೊತ್ತಾಗುತ್ತೆ. ಕಳೆದ ಡಿಸೆಂಬರ್‌ನಲ್ಲಿ, ಇಂಟರ್ನಲ್ಸ್ ಮುಗಿದ ಮರುದಿನ ಬೆಳಿಗ್ಗೆ, ನಾವು ಐದು ಜನ ಆ ಕಡೆ ಹೋಗಿದ್ವಿ. ಪೊದೆಯ ಮೇಲೆ ಆರೇಳು ಕಂದು ಹಕ್ಕಿಗಳು ಕೂತು ಲಂಟಾನ ಹಣ್ಣು ತಿನ್ನುತ್ತಿದ್ದವು. ಗುಬ್ಬಚ್ಚಿ ಗಾತ್ರ, ಗುಬ್ಬಚ್ಚಿ ಬಣ್ಣ, ಗುಬ್ಬಚ್ಚಿಯಂಥದ್ದೇ ದಪ್ಪ ಕೊಕ್ಕು. ಆದರೂ ಗುಬ್ಬಚ್ಚಿ ಅಲ್ಲ ಅಂತ ಎಲ್ಲರಿಗೂ ಅನ್ನಿಸ್ತು. ಯಾಕೆ ಅಲ್ಲ ಅಂತ ಕೇಳಿದ್ದರೆ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

ಆಮೇಲೆ ಮಾಡಿದ್ದು ಈ ಕಾಲದಲ್ಲಿ ಯಾರಾದರೂ ಮಾಡುವ ಕೆಲಸವನ್ನೇ. ಬೈನಾಕ್ಯುಲರ್ ಕಣ್ಣಿಗೆ ಮೊಬೈಲ್ ಹಿಡಿದು ಒಂದು ಮಸುಕು ಫೋಟೋ ತೆಗೆದ್ವಿ, ಇಮೇಜ್ ಸರ್ಚ್‌ಗೆ ಹಾಕಿದ್ವಿ. ಎರಡು ಸೆಕೆಂಡಿನಲ್ಲಿ ‘ಹೌಸ್ ಫಿಂಚ್, ಹೆಣ್ಣು’ ಅಂತ ಬಂತು. ಪಕ್ಕದಲ್ಲಿ ಸಾಲು ಸಾಲು ಚಿತ್ರಗಳು, ನಮ್ಮ ಹಕ್ಕಿಯ ಜೆರಾಕ್ಸ್ ಕಾಪಿ ಹಾಗೆ. ಸರಿ, ಮುಗೀತು. ಪಟ್ಟಿಯಲ್ಲಿ 43ನೇ ಹೆಸರಾಗಿ ಬರೆದುಕೊಂಡ್ವಿ, ಕ್ಯಾಂಟೀನ್‌ಗೆ ಹೋಗಿ ಇಡ್ಲಿ ತಿಂದ್ವಿ.

ಆ ಪಟ್ಟಿ ಸುಮ್ಮನೆ ಮಾಡಿದ್ದಲ್ಲ. ಲಂಟಾನ ಜಾಗವನ್ನು ಬಳಿದು ಟೂ ವೀಲರ್ ಪಾರ್ಕಿಂಗ್ ಮಾಡ್ತಾರೆ ಅನ್ನೋ ಸುದ್ದಿ ಬಂದಿತ್ತು. ಅಲ್ಲಿ ಏನೇನಿದೆ ಅಂತ ಒಂದು ಪತ್ರದ ಜೊತೆ ಕೊಟ್ಟರೆ ಯೋಚನೆ ಮಾಡಬಹುದೇನೋ ಅನ್ನೋದು ನಮ್ಮ ಆಸೆ. ಕೊಟ್ವಿ. ಮೀಟಿಂಗ್‌ನಲ್ಲಿ ಪಟ್ಟಿ ಒಬ್ಬ ಮೇಷ್ಟ್ರ ಕೈಗೆ ಹೋಯಿತು. ಅವರು ಹಲವು ವರ್ಷಗಳಿಂದ ಹಕ್ಕಿ ನೋಡುವವರು ಅಂತ ನಮಗೆ ಗೊತ್ತಿರಲಿಲ್ಲ. ಮೇಲಿನಿಂದ ಕೆಳಗೆ ಓದುತ್ತಾ ಬಂದು ಕೊನೆಯ ಸಾಲಿನಲ್ಲಿ ನಿಂತರು. “ಇದು ಅಮೆರಿಕದ್ದಲ್ಲೇನ್ರಪ್ಪಾ? ಇಲ್ಲಿಗೆ ವೀಸಾ ತಗೊಂಡು ಬಂತಾ?” ಅಂದರು. ಕೋಣೆಯೆಲ್ಲ ನಕ್ಕಿತು. ನಾವೂ ನಕ್ಕೆವು, ಬೇರೆ ದಾರಿ ಇರಲಿಲ್ಲ. ಪಂಜರದಿಂದ ತಪ್ಪಿಸಿಕೊಂಡಿದ್ದಿರಬಹುದು ಸಾರ್ ಅಂತ ನಮ್ಮಲ್ಲೊಬ್ಬ ಮೆಲ್ಲಗೆ ಹೇಳಿದ. ಆರೇಳೂ ಒಟ್ಟಿಗೇನಾ ಅಂತ ಅವರು ಕೇಳಿದ ಮೇಲೆ ಅವನೂ ಸುಮ್ಮನಾದ.

ಪಟ್ಟಿ ಸರಿಯಾಗಿದ್ದಿದ್ದರೆ ಪಾರ್ಕಿಂಗ್ ನಿಲ್ಲುತ್ತಿತ್ತು ಅಂತ ನಾವು ಹೇಳಲ್ಲ. ಆದರೆ ಒಂದು ಸುಳ್ಳು ಹೆಸರಿನಿಂದ ಮಿಕ್ಕ 42 ನಿಜ ಹೆಸರುಗಳ ಮೇಲೂ ಅನುಮಾನ ಬಂತು. ಲ್ಯಾಬ್ ರೆಕಾರ್ಡ್‌ನಲ್ಲಿ ಒಂದು ರೀಡಿಂಗ್ ಕಾಪಿ ಹೊಡೆದದ್ದು ಸಿಕ್ಕಿಬಿದ್ದರೆ ಇಡೀ ರೆಕಾರ್ಡ್ ಏನಾಗುತ್ತೆ ಅಂತ ನಿಮಗೆ ಗೊತ್ತು. ಜನವರಿಯಲ್ಲಿ ಜೆಸಿಬಿ ಬಂತು. ಅರ್ಧ ಹೋಯಿತು, ಗೋಡೆ ಕಡೆಯ ಅರ್ಧ ಇನ್ನೂ ಉಳಿದಿದೆ.

ಹಾಗಾದರೆ ಆ ಹಕ್ಕಿ ಯಾವುದು? ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದ್ರೆ ನಮ್ಮ ತಕರಾರು ಇರೋದೇ ಇಲ್ಲಿ.

ಮೊದಲು ‘ಫಿಂಚ್’ ಅನ್ನೋ ಪದದ ಗೊಂದಲ. ಕಾಳು ಒಡೆಯೋ ದಪ್ಪ ತ್ರಿಕೋನ ಕೊಕ್ಕಿನ ಸಣ್ಣ ಹಕ್ಕಿ ಕಂಡರೆ ಸಾಕು, ಫಿಂಚ್ ಅಂದುಬಿಡ್ತೀವಿ. ಪೆಟ್ ಅಂಗಡಿಯಲ್ಲಿ ಲವ್ ಬರ್ಡ್ಸ್ ಪಕ್ಕದ ಪಂಜರದಲ್ಲಿರೋ ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ್ದು, ಅದು ನಮ್ಮ ರಾಟವಾಳಗಳ ಕುಟುಂಬಕ್ಕೆ ಸೇರಿದ್ದು. ಗೀಜಗನದ್ದು ಬೇರೆ ಕುಟುಂಬ, ಗುಬ್ಬಚ್ಚಿಯದ್ದು ಇನ್ನೊಂದು. ಡಾರ್ವಿನ್ ಹೆಸರಿನ ಗ್ಯಾಲಪಗೋಸ್ ಫಿಂಚ್‌ಗಳೂ ನಿಜವಾದ ಫಿಂಚ್‌ಗಳಲ್ಲ, ಟ್ಯಾನಜರ್ ಅನ್ನೋ ಅಮೆರಿಕದ ಹಕ್ಕಿಗಳ ಬಳಗದವು. ಅವನ್ನು ಹಿಡಿದು ತಂದ ಡಾರ್ವಿನ್‌ಗೇ ಅವೆಲ್ಲ ಒಂದೇ ಗುಂಪಿನವು ಅಂತ ತಿಳಿದಿರಲಿಲ್ಲ. 1837ರಲ್ಲಿ ಲಂಡನ್ನಿನಲ್ಲಿ ಜಾನ್ ಗೌಲ್ಡ್ ನೋಡಿ ಹೇಳಬೇಕಾಯಿತು. ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಡಾರ್ವಿನ್ ಸರಿಯಾಗಿ ಲೇಬಲ್ ಹಾಕಿರಲಿಲ್ಲ ಅನ್ನೋದು ನಮ್ಮಂಥವರಿಗೆ ಒಂದು ಸಮಾಧಾನ.

ಜನವರಿ ಕೊನೆಯಲ್ಲಿ ಉಳಿದ ಪೊದೆಗಳ ಹತ್ತಿರ ಮತ್ತೆ ಹೋದ್ವಿ. ಈ ಸಲ ಮೊಬೈಲ್ ಜೇಬಿನಲ್ಲೇ ಇರಬೇಕು ಅನ್ನೋ ಕರಾರು. ಇಪ್ಪತ್ತು ನಿಮಿಷ ಬರೀ ನೋಡೋದು, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯೋದು. ಚಿತ್ರ ಬರೆದವನ ಹಕ್ಕಿ ಆಲೂಗಡ್ಡೆ ಹಾಗಿತ್ತು, ಪರವಾಗಿಲ್ಲ, ಆಲೂಗಡ್ಡೆಯ ಮೇಲೆ ಗೆರೆ ಎಲ್ಲೆಲ್ಲಿದೆ ಅನ್ನೋದು ಸರಿಯಿತ್ತು. ಬರೆದದ್ದು ಇಷ್ಟು: ಗಂಟಲು, ಎದೆಯ ಮೇಲೆ ಕಂದು ಗೀರುಗಳು, ಹೊಟ್ಟೆ ಹೆಚ್ಚುಕಮ್ಮಿ ಬಿಳಿಚು. ರೆಕ್ಕೆಯ ಮೇಲೆ ಎರಡು ತೆಳು ಬಣ್ಣದ ಪಟ್ಟಿ. ಮುಖ ಖಾಲಿ, ಹುಬ್ಬಿಲ್ಲ, ಅದರ ನಡುವೆ ಮಣಿ ಇಟ್ಟ ಹಾಗೆ ಕಪ್ಪು ಕಣ್ಣು. ಕೊಕ್ಕು ಗಿಡ್ಡ, ದಪ್ಪ, ಉಬ್ಬಿದ್ದು. ಬಾಲದ ತುದಿ ಒಳಗೆ ಕತ್ತರಿಸಿದ ಹಾಗೆ.

ಈ ಐದು ಸಾಲು ಇಟ್ಟುಕೊಂಡು ಒಂದೊಂದೇ ಹೊರಗೆ ಹಾಕ್ತಾ ಹೋದ್ವಿ. ಹೆಣ್ಣು ಗುಬ್ಬಚ್ಚಿಗೆ ಕಣ್ಣಿನ ಹಿಂದೆ ತೆಳು ಹುಬ್ಬು ಇದೆ, ಎದೆಯ ಮೇಲೆ ಗೀರಿಲ್ಲ. ಔಟ್. ಹೆಣ್ಣು ಗೀಜಗನಿಗೂ ಎದ್ದು ಕಾಣೋ ಹುಬ್ಬು, ಬಾಲ ಮೋಟು. ಔಟ್. ಗೀಜಗನ ದಾಯಾದಿಯೊಂದಕ್ಕೆ ಎದೆಯ ಮೇಲೆ ಗೀರು ಇರುತ್ತೆ, ಆದರೆ ಅದು ಕೆರೆಯ ಜೊಂಡಿನ ಹಕ್ಕಿ, ಅದಕ್ಕೂ ಹುಬ್ಬಿದೆ. ರಾಟವಾಳದ ಮರಿಗಳು ಬರೀ ಕಂದು, ಗೀರೂ ಇಲ್ಲ, ಪಟ್ಟಿಯೂ ಇಲ್ಲ. ಇನ್ನೊಂದು ಉಳಿಯಿತು, ಹಳದಿ ಗಂಟಲಿನ ಗುಬ್ಬಿ. ಅದಕ್ಕೆ ರೆಕ್ಕೆ ಪಟ್ಟಿ ಇದೆ, ಖಾಲಿ ಮುಖವೂ ಇದೆ, ಆದರೆ ಕೊಕ್ಕು ಸಣ್ಣ, ಮೈಮೇಲೆ ಒಂದೂ ಗೀರಿಲ್ಲ. 1908ರಲ್ಲಿ ಬೊಂಬಾಯಿಯಲ್ಲಿ ಒಬ್ಬ ಹುಡುಗ ಏರ್‌ಗನ್ನಿನಿಂದ ಹೊಡೆದು, ಇದೇನು ವಿಚಿತ್ರ ಗುಬ್ಬಿ ಅಂತ ತಲೆ ಕೆಡಿಸಿಕೊಂಡು ಮಾವನ ಮೂಲಕ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ದದ್ದು ಇದೇ ಹಕ್ಕಿಯನ್ನು. ಅಲ್ಲಿ ಡಬ್ಲ್ಯು. ಎಸ್. ಮಿಲ್ಲರ್ಡ್ ಹೆಸರು ಹೇಳಿದ್ದಷ್ಟೇ ಅಲ್ಲ, ಬೀರುವಿನ ಡ್ರಾಯರ್‌ಗಳನ್ನು ಎಳೆದು ಸಂಗ್ರಹವನ್ನೆಲ್ಲ ತೋರಿಸಿದರು. ಆ ಹುಡುಗ ಸಲೀಂ ಅಲಿ. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಿಯೇ ಇದೆ.

ಎಲ್ಲ ಹೋದ ಮೇಲೆ ಉಳಿದದ್ದು ಕಾಮನ್ ರೋಸ್‌ಫಿಂಚ್‌ನ ಹೆಣ್ಣು. ಇದು ನಿಜವಾದ ಫಿಂಚ್. ಬೇಸಿಗೆಯಲ್ಲಿ ಹಿಮಾಲಯದಲ್ಲಿ, ಮಧ್ಯ ಏಷ್ಯಾದಲ್ಲಿ, ಅತ್ತ ರಷ್ಯಾ, ಯೂರೋಪಿನವರೆಗೂ ಗೂಡು ಕಟ್ಟಿ, ಚಳಿಗಾಲಕ್ಕೆ ನಮ್ಮ ಕಡೆ ಇಳಿಯುತ್ತೆ. ಪಶ್ಚಿಮ ಘಟ್ಟದ ಅಂಚಿನ ಕುರುಚಲು, ಬಿದಿರು, ಲಂಟಾನ ಅಂದ್ರೆ ಇಷ್ಟ. ಗಂಡಿಗೆ ತಲೆ, ಗಂಟಲು, ಎದೆ ಎಲ್ಲ ಕೆಂಪು. ಹಾಗಾದ್ರೆ ಆ ಗುಂಪಿನಲ್ಲಿ ಒಂದೂ ಗಂಡು ಇರಲಿಲ್ವಾ? ಇದ್ದಿರಬಹುದು. ಮೊದಲ ವರ್ಷದ ಗಂಡುಗಳು ಹೆಣ್ಣಿನ ಹಾಗೇ ಕಂದು ಇರುತ್ತವೆ, ಕೆಂಪು ಬರೋದು ಆಮೇಲೆ. ಆ ಕೆಂಪು ಬಣ್ಣವೂ ತಿಂದ ಆಹಾರದ ಕೆರೊಟಿನಾಯ್ಡ್‌ಗಳಿಂದ ಬರುವಂಥದ್ದು. ಅದಕ್ಕೇ ಪಂಜರದಲ್ಲಿ ಸಾಕಿದ ಇಂಥ ಹಕ್ಕಿಗಳು ಮುಂದಿನ ಸಲ ಪುಕ್ಕ ಬದಲಿಸಿದಾಗ ಕೆಂಪು ಕಳೆದುಕೊಳ್ಳುತ್ತವೆ.

ಇಲ್ಲೊಂದು ತಮಾಷೆ ಇದೆ. ಇಮೇಜ್ ಸರ್ಚ್ ಹೇಳಿದ ಹೌಸ್ ಫಿಂಚ್ ಪೂರ್ತಿ ಅಸಂಬದ್ಧವೇನಲ್ಲ. ಹಿಂದೆ ಎರಡನ್ನೂ ಕಾರ್ಪೊಡಾಕಸ್ ಅನ್ನೋ ಒಂದೇ ಕುಲದಲ್ಲಿ ಇಟ್ಟಿದ್ದರು. ಆಮೇಲೆ ಅಮೆರಿಕದವನ್ನು ಹೀಮೊರಸ್ ಅಂತ ಬೇರೆ ಮಾಡಿದರು. ಪಂಜರದಿಂದ ತಪ್ಪಿಸಿಕೊಂಡು ಹರಡೋದೂ ಹೌಸ್ ಫಿಂಚ್‌ಗೆ ಹೊಸದಲ್ಲ. ಪಶ್ಚಿಮ ಅಮೆರಿಕದ ಈ ಹಕ್ಕಿ ಪೂರ್ವಕ್ಕೆ ಹಬ್ಬಿದ್ದೇ 1940ರ ಹೊತ್ತಿಗೆ ನ್ಯೂಯಾರ್ಕ್ ಬಳಿ ಪಂಜರದಿಂದ ಬಿಟ್ಟ ಹಕ್ಕಿಗಳಿಂದ. ಅಂದ್ರೆ ಮೀಟಿಂಗ್‌ನಲ್ಲಿ ಮೆಲ್ಲಗೆ ಮಾತಾಡಿದ ನಮ್ಮ ಗೆಳೆಯ ಪೂರ್ತಿ ಹುಚ್ಚನಲ್ಲ. ಆದರೆ ಇಮೇಜ್ ಸರ್ಚ್‌ಗೆ ನಾವು ಎಲ್ಲಿ ನಿಂತಿದ್ದೀವಿ ಅನ್ನೋದು ಲೆಕ್ಕಕ್ಕೇ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಅಮೆರಿಕದವರು ಹಿತ್ತಲಲ್ಲಿ ತೆಗೆದ ಫೋಟೋಗಳು ರಾಶಿ ರಾಶಿ ಇವೆ, ಅದು ಆ ರಾಶಿಯಿಂದ ಹತ್ತಿರದ್ದನ್ನು ಎತ್ತಿಕೊಟ್ಟಿತು. ಮ್ಯಾಥ್ಸ್‌ನಲ್ಲಿ ಬೇಯ್ಸ್ ಥಿಯರಮ್ ಓದಿ ಮಾರ್ಕ್ಸ್ ತಗೊಂಡ ನಾವು ಐದು ಜನಾನೂ ಪ್ರಯರ್ ಅನ್ನೋದನ್ನ ಮರೆತುಬಿಟ್ವಿ.

ಈಗ ಪುಸ್ತಕದ ವಿಷಯ. ಫೀಲ್ಡ್ ಗೈಡ್ ಅನ್ನೋದು ಇವತ್ತಿಗೂ ಬೇಕು ಅನ್ನೋದು ನಮ್ಮ ವಾದ. ಯಾವುದು ಬೇಕು ಅನ್ನೋದಕ್ಕಿಂತ ಮೊದಲು ಅದು ಏನು ಮಾಡುತ್ತೆ ಅಂತ ನೋಡೋಣ. 1934ಕ್ಕೆ ಮುಂಚೆ ಹಕ್ಕಿ ಗುರುತಿಸೋದು ಅಂದ್ರೆ ಬಹುಪಾಲು ಕೋವಿಯಿಂದ ಹೊಡೆದು ಕೈಯಲ್ಲಿಟ್ಟುಕೊಂಡು ಪುಕ್ಕ ಎಣಿಸೋದು. ಆ ವರ್ಷ ಅಮೆರಿಕದಲ್ಲಿ ರೋಜರ್ ಟೋರಿ ಪೀಟರ್ಸನ್ ಒಂದು ಸಣ್ಣ ಪುಸ್ತಕ ತಂದರು. ಒಂದರ ಹಾಗೆ ಇನ್ನೊಂದು ಕಾಣೋ ಹಕ್ಕಿಗಳನ್ನು ಒಂದೇ ಪುಟದಲ್ಲಿ, ಒಂದೇ ಭಂಗಿಯಲ್ಲಿ ಬರೆದು, ಎಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೋ ಆ ಜಾಗಕ್ಕೆ ಪುಟ್ಟ ಗೆರೆ ಎಳೆದಿದ್ದರು. ಅಷ್ಟೇ ಐಡಿಯಾ. ನಾಲ್ಕು ಪ್ರಕಾಶಕರು ಬೇಡ ಅಂದಿದ್ದ ಪುಸ್ತಕದ ಮೊದಲ ಮುದ್ರಣದ 2000 ಪ್ರತಿ ಒಂದು ವಾರದಲ್ಲಿ ಖಾಲಿ. ಒಳ್ಳೆಯ ಗೈಡ್ ಇವತ್ತಿಗೂ ಮಾಡೋದು ಅದನ್ನೇ. ಇದು ಅದಲ್ಲ ಅಂತ ಹೇಳೋಕೆ ಎಲ್ಲಿ ಕಣ್ಣಿಡಬೇಕು ಅಂತ ಹೇಳಿಕೊಡೋದು.

ಅದಕ್ಕೇ ಫೋಟೋ ಪುಸ್ತಕಕ್ಕಿಂತ ಚಿತ್ರ ಬರೆದ ಪುಸ್ತಕ ಮೇಲು ಅಂತ ನಾವು ಪಟ್ಟು ಹಿಡಿಯೋದು. ಫೋಟೋದಲ್ಲಿ ಇರೋದು ಒಂದು ದಿನದ, ಒಂದು ಬೆಳಕಿನ, ಒಂದೇ ಹಕ್ಕಿ. ಅದು ಆಸಿಲೋಸ್ಕೋಪ್ ಪರದೆಯ ಮೇಲಿನ ಒಂದು ಟ್ರೇಸ್ ಇದ್ದ ಹಾಗೆ, ನಾಯ್ಸ್ ಸಮೇತ. ಕಲಾವಿದ ಹತ್ತಾರು ಹಕ್ಕಿ ನೋಡಿ ಬರೆದ ಚಿತ್ರ ಡೇಟಾಶೀಟಿನ ‘ಟಿಪಿಕಲ್’ ಕಾಲಮ್ ಇದ್ದ ಹಾಗೆ. ಅಂಗಡಿಯಲ್ಲಿ ಫೋಟೋ ಪುಸ್ತಕವೇ ಚೆಂದ ಕಾಣೋದು, ಒಪ್ತೀವಿ. ಕೊಂಡು ಪೊದೆ ಮುಂದೆ ನಿಂತಾಗ ಕಷ್ಟ ಗೊತ್ತಾಗುತ್ತೆ. ಅದರಲ್ಲಿ ಕೆಂಪು ಗಂಡಿನ ಚಿತ್ರ ಪುಟ ತುಂಬ ಇರುತ್ತೆ, ಹೆಣ್ಣಿಗೆ ಜಾಗವೇ ಇರಲ್ಲ. ಕೊಳ್ಳೋ ಮುಂಚೆ ಯಾವುದೇ ಗೈಡಿನಲ್ಲಿ ಗೀಜಗನ ಪುಟ ತೆಗೆದು ಹೆಣ್ಣಿನ ಚಿತ್ರ ಇದೆಯಾ, ಚಳಿಗಾಲದ ಗಂಡಿನ ಚಿತ್ರ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಇನ್ನು ಮ್ಯಾಪು. ರಿಚರ್ಡ್ ಗ್ರಿಮೆಟ್ ಮತ್ತು ಇನ್‌ಸ್ಕಿಪ್ ದಂಪತಿ ಬರೆದ, ಇಡೀ ಭಾರತ ಉಪಖಂಡದ ಹಕ್ಕಿಗಳ ಗೈಡು 1998ರಲ್ಲಿ ಮೊದಲು ಬಂದದ್ದು. ಅದರಲ್ಲಿ 1300 ಚಿಲ್ಲರೆ ಹಕ್ಕಿಗಳಿವೆ. 2011ರ ಎರಡನೇ ಆವೃತ್ತಿ ಒಬ್ಬ ಸೀನಿಯರ್ ಹತ್ತಿರ ಇದೆ. ಅದರಲ್ಲಿ ರೋಸ್‌ಫಿಂಚ್ ಪುಟ ತೆಗೆದರೆ ಎದೆ ಧಸಕ್ ಅನ್ನುತ್ತೆ. ಹಿಮಾಲಯದ ಹತ್ತಾರು ರೋಸ್‌ಫಿಂಚ್‌ಗಳು, ಎಲ್ಲದರ ಹೆಣ್ಣೂ ಕಂದು, ಎಲ್ಲದಕ್ಕೂ ಗೀರು. ಆದರೆ ಚಿತ್ರದ ಎದುರಿನ ಪುಟದಲ್ಲಿ ಬೆರಳುಗುರು ಗಾತ್ರದ ಮ್ಯಾಪುಗಳಿವೆ. ಒಂದೊಂದೇ ನೋಡ್ತಾ ಬಂದರೆ ಬಣ್ಣ ಎಲ್ಲ ಮೇಲೆ, ಹಿಮಾಲಯದಲ್ಲೇ ನಿಂತುಬಿಡುತ್ತೆ. ನಮ್ಮ ಕರ್ನಾಟಕದವರೆಗೆ ಇಳಿದು ಬಂದದ್ದು ಒಂದೇ. ಐದು ನಿಮಿಷದ ಗಾಬರಿ ಐದು ಸೆಕೆಂಡಿನಲ್ಲಿ ಮುಗೀತು. ಚಿತ್ರ ಮತ್ತು ಮ್ಯಾಪ್ ಎದುರುಬದುರು ಇಲ್ಲದ, ಮ್ಯಾಪೆಲ್ಲ ಕೊನೆಯಲ್ಲಿ ಒಟ್ಟಿಗೆ ಇರೋ ಪುಸ್ತಕ ಮನೆಯಲ್ಲಿ ಓದೋಕೆ ಸರಿ, ಬಯಲಿಗಲ್ಲ.

ಹಾಗಂತ ಎಲ್ಲರೂ ಆ ದೊಡ್ಡ ಪುಸ್ತಕವನ್ನೇ ಕೊಳ್ಳಿ ಅಂತ ಹೇಳ್ತಿಲ್ಲ. ಬೆಲೆಯೂ ಜಾಸ್ತಿ, ಭಾರವೂ ಜಾಸ್ತಿ, ಅದರಲ್ಲಿ ಬಹಳಷ್ಟು ನಾವು ಇಲ್ಲಿ ನೋಡದ ಹಕ್ಕಿಗಳು. ಅದೇ ಲೇಖಕರ ದಕ್ಷಿಣ ಭಾರತದ ಗೈಡ್ 2005ರಲ್ಲಿ ಬಂದಿದೆ, ನಮ್ಮಂಥವರಿಗೆ ಅದು ಸಾಕು. ಪಮೇಲಾ ರಾಸ್‌ಮುಸೆನ್ ಮತ್ತು ಜಾನ್ ಆಂಡರ್ಟನ್ ಅವರ ಎರಡು ಸಂಪುಟದ್ದು ಲೈಬ್ರರಿಯಲ್ಲಿದ್ದರೆ ಚೆನ್ನ, ಬ್ಯಾಗಿನಲ್ಲಿ ಬೇಡ. ಸಲೀಂ ಅಲಿಯವರ 1941ರ ‘ದ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಇವತ್ತಿಗೂ ಸಿಗುತ್ತೆ, ಹಳೇ ಪುಸ್ತಕದ ಅಂಗಡಿಯಲ್ಲಿ ಹುಡುಕಿದರೆ ಅಗ್ಗವಾಗಿಯೂ. ಎಲ್ಲ ಹಕ್ಕಿಗಳೂ ಅದರಲ್ಲಿಲ್ಲ. ಆದರೆ ಹಕ್ಕಿ ಹೇಗೆ ಕೂರುತ್ತೆ, ಹೇಗೆ ಜಗಳ ಆಡುತ್ತೆ ಅನ್ನೋದನ್ನ ಹಾಗೆ ಬರೆದವರು ಕಡಿಮೆ. ಗುರುತಿಸೋಕೆ ಒಂದು, ಓದೋಕೆ ಒಂದು ಅಂತ ಇಟ್ಟುಕೊಂಡರೆ ಓದೋದು ಇದಾಗಲಿ. ಕನ್ನಡದಲ್ಲಿ ಓದಬೇಕು ಅನ್ನೋರಿಗೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಇದ್ದೇ ಇದೆ. ನಮ್ಮಲ್ಲಿ ಮೂವರು ಬೈನಾಕ್ಯುಲರ್ ಮುಟ್ಟೋಕೆ ಕಾರಣವೇ ಅದು.

ಕನ್ನಡದ ಮಾತು ಬಂದಿದ್ದಕ್ಕೆ ಒಂದು ಜಗಳವನ್ನೂ ಹೇಳಿಬಿಡ್ತೀವಿ. ರೋಸ್‌ಫಿಂಚ್‌ಗೆ ನಮ್ಮ ಗುಂಪಿನಲ್ಲಿ ಒಬ್ಬ ‘ಗುಲಾಬಿ ಗುಬ್ಬಿ’ ಅಂತ ಹೆಸರಿಟ್ಟ. ಗುಬ್ಬಿ ಅಲ್ಲ ಅಂತ ಸಾಧಿಸೋಕೆ ಒಂದು ತಿಂಗಳು ಹಿಡಿದಿದೆ, ಈಗ ಮತ್ತೆ ಗುಬ್ಬಿ ಅಂತೀಯಲ್ಲೋ ಅಂತ ಇನ್ನೊಬ್ಬಳ ವಾದ. ಮುಂದಿನ ಸಂಚಿಕೆಯ ಹೊತ್ತಿಗೂ ಇದು ಮುಗಿಯೋ ಹಾಗೆ ಕಾಣಲ್ಲ.

ಆ್ಯಪ್ ಬೇಡವೇ ಬೇಡ ಅನ್ನೋ ಹಳೇ ತಲೆಗಳು ನಾವಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಪುಕ್ಕಟೆ ಸಿಗುತ್ತೆ, ಊರು ಮತ್ತು ತಾರೀಕು ಕೇಳಿ ಆಮೇಲೆ ಉತ್ತರ ಕೊಡುತ್ತೆ. ಅಂದ್ರೆ ಪ್ರಯರ್ ಮರೆಯಲ್ಲ. ನಮ್ಮ ಮಸುಕು ಫೋಟೋವನ್ನೇ ಅದಕ್ಕೆ ಹಾಕಿದಾಗ ರೋಸ್‌ಫಿಂಚ್ ಅಂತಲೇ ಬಂತು. ಹಾಗಾದ್ರೆ ಡಿಸೆಂಬರ್‌ನಲ್ಲೇ ಅದನ್ನು ಬಳಸಿದ್ದರೆ ಈ ಲೇಖನವೇ ಬೇಕಿರಲಿಲ್ಲ ಅಂತ ನೀವು ಹೇಳಬಹುದು. ಹೌದು, ಪಟ್ಟಿ ಸರಿಯಾಗ್ತಿತ್ತು. ಆದರೆ ಮೇಷ್ಟ್ರು “ಹೇಗೆ ಗೊತ್ತು?” ಅಂತ ಕೇಳಿದ್ದರೆ ಆ್ಯಪ್ ಹೇಳಿತು ಸಾರ್ ಅನ್ನಬೇಕಿತ್ತು, ಅಷ್ಟೇ. ವೈವಾದಲ್ಲಿ ಗ್ರಾಫ್ ಯಾಕೆ ಹೀಗೆ ಬಗ್ಗಿದೆ ಅಂದ್ರೆ ಸಾಫ್ಟ್‌ವೇರ್ ಹಾಗೆ ಬರೀತು ಅನ್ನೋ ಉತ್ತರದ ಥರ. ಸರಿ ಉತ್ತರ ಸಿಕ್ಕಿದ್ದು ನಮಗಲ್ಲ, ಫೋನಿಗೆ. ಆದ್ದರಿಂದ ಈಗ ನಮ್ಮ ಕ್ರಮ ಹೀಗೆ: ಮೊದಲು ಕಣ್ಣು, ಆಮೇಲೆ ನೋಟ್‌ಬುಕ್, ಆಮೇಲೆ ಪುಸ್ತಕ, ಜಗಳ ಬಗೆಹರಿಯದಿದ್ದರೆ ಆ್ಯಪ್. ಅದೂ ಒಪ್ಪದಿದ್ದರೆ ಪಟ್ಟಿಯಲ್ಲಿ ‘ಗೊತ್ತಾಗದ ಕಂದು ಹಕ್ಕಿ, 1’ ಅಂತ ಬರೆಯೋದು. ಇಂಥ ಸಾಲು ಬರೆಯೋಕೆ ಮೊದಮೊದಲು ನಾಚಿಕೆ ಆಗ್ತಿತ್ತು. ಮೇಷ್ಟ್ರಿಗೆ ಹೊಸ ಪಟ್ಟಿ ತೋರಿಸಿದಾಗ ಅವರು ತುಂಬಾ ಹೊತ್ತು ನೋಡಿದ್ದು ಆ ಸಾಲನ್ನೇ.

ಹೊಸ ಪಟ್ಟಿಯಿಂದ ಪಾರ್ಕಿಂಗ್ ಮೇಲೆ ಏನಾದರೂ ಪರಿಣಾಮ ಆಗುತ್ತಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಉಳಿದರ್ಧದ ಬಗ್ಗೆ ಇನ್ನೂ ಏನೂ ತೀರ್ಮಾನ ಆಗಿಲ್ಲ. ನಮ್ಮ ವಾದದಲ್ಲೂ ಒಂದು ತೂತು ಇದೆ. ಲಂಟಾನ ನಮ್ಮ ಗಿಡ ಅಲ್ಲ, ಅಮೆರಿಕ ಖಂಡದಿಂದ ತೋಟದ ಅಲಂಕಾರಕ್ಕೆ ತಂದದ್ದು ಕಾಡನ್ನೆಲ್ಲ ನುಂಗಿ ಕೂತಿದೆ. ಬಂಡೀಪುರದಲ್ಲಿ ಅದನ್ನು ಕೀಳೋಕೆ ಹರಸಾಹಸ ಮಾಡುವಾಗ ನಾವು ಇಲ್ಲಿ ಉಳಿಸಿ ಅಂತಿದ್ದೀವಿ. ವೀಸಾ ಇಲ್ಲದೆ ಬಂದದ್ದು ಹಕ್ಕಿ ಅಲ್ಲ, ಅದು ಕೂತಿದ್ದ ಗಿಡ! ಲಂಟಾನ ಕಿತ್ತು ಕಾರೆ, ಕವಳೆ, ಬಿದಿರು ನೆಡ್ತೀವಿ ಅಂದರೆ ನಾವೇ ಗುದ್ದಲಿ ಹಿಡೀತೀವಿ. ಕಿತ್ತು ಕಾಂಕ್ರೀಟ್ ಹಾಕೋದಕ್ಕೆ ಮಾತ್ರ ನಮ್ಮ ತಕರಾರು. ಮೊದಲ ಪತ್ರದಲ್ಲಿ ಇದನ್ನು ಬರೆದಿರಲಿಲ್ಲ, ಎರಡನೆಯದರಲ್ಲಿ ಬರೆದಿದ್ದೀವಿ.

ಮಾರ್ಚ್ ಎರಡನೇ ವಾರ, ಬೆಳಿಗ್ಗೆ ಏಳರ ಹೊತ್ತಿಗೆ, ಗೋಡೆ ಪಕ್ಕದ ಪೊದೆಗೆ ಒಂದು ಗಂಡು ಬಂತು. ತಲೆ, ಎದೆ ಎಲ್ಲ ದಾಳಿಂಬೆ ಕೆಂಪು. ಯಾರೂ ಫೋನ್ ತೆಗೆಯಲಿಲ್ಲ, ತೆಗೆಯೋಷ್ಟು ಹೊತ್ತು ಅದು ಕೂರಲೂ ಇಲ್ಲ. ಏಪ್ರಿಲ್ ಮುಗಿಯೋದರೊಳಗೆ ಎಲ್ಲವೂ ಉತ್ತರಕ್ಕೆ ಹೊರಟಿದ್ದವು.

ದಕ್ಷಿಣ ಭಾರತದ ಗೈಡಿನ ಒಂದು ಪ್ರತಿಯನ್ನು ಚಂದಾ ಎತ್ತಿ ಕೊಂಡು ಕನ್ನಡ ಸಂಘದ ಬೀರುವಿನಲ್ಲಿ ಇಟ್ಟಿದ್ದೀವಿ. ರಿಜಿಸ್ಟರ್‌ನಲ್ಲಿ ಹೆಸರು ಬರೆದು ಒಂದು ವಾರಕ್ಕೆ ತಗೊಂಡು ಹೋಗಬಹುದು. ಗೀಜಗನ ಪುಟದ ಮೇಲೆ ಟೀ ಕಲೆ ಇದೆ, ಅದು ನಮ್ಮದೇ ತಪ್ಪು. ಬೈನಾಕ್ಯುಲರ್ ಒಂದೇ ಇರೋದು, ಸರದಿ ಪ್ರಕಾರ. ಭಾನುವಾರ ಬೆಳಿಗ್ಗೆ ಆರೂವರೆಗೆ ಎಸ್‌ಟಿಪಿ ಗೇಟಿನ ಹತ್ತಿರ ಇರ್ತೀವಿ.